ಊಟ ಆಯ್ತಾ ಎಂದರೆ ಆಯ್ತು

ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ ಆಯ್ತು ಎನ್ನುವುದು ನಮ್ಮ ಕಡೆಯ ಮರ್ಯಾದೆ. ಅದು ಪ್ರಶ್ನೆಯಲ್ಲ, ನಮಸ್ಕಾರ. ಬಸ್ಸಿಳಿದವರನ್ನೂ ಕೇಳುತ್ತಾರೆ, ಹತ್ತುವವರನ್ನೂ ಕೇಳುತ್ತಾರೆ. ಕಿಕ್ಕೇರಿ ಹತ್ತಿರದ ಒಂದು ಹಳ್ಳಿಯ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವ ನಾನು, ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಬರುವವರಿಗೆಲ್ಲ ಈ ಉತ್ತರ ಕೊಡುತ್ತಲೇ ಇರುತ್ತೇನೆ. ಆ ಪ್ರಕಾರ ಊರಿನಲ್ಲಿ ನನ್ನಷ್ಟು ಸಲ ಉಂಡವರು ಯಾರೂ ಇಲ್ಲ. ನನ್ನ ಹೊಟ್ಟೆಯೂ ಇದಕ್ಕೆ ಸಾಕ್ಷಿ ಹೇಳುವಂತೆ ಮೇಜಿನ ಅಂಚಿಗೆ ತಾಗಿಕೊಂಡೇ ಇರುತ್ತದೆ.

ನಿಜ ಹೇಳಬೇಕೆಂದರೆ, ಹೆಂಡತಿ ತೀರಿಕೊಂಡ ಮೇಲೆ ನನ್ನ ಊಟ ಅಷ್ಟಕ್ಕಷ್ಟೇ. ಒಬ್ಬರಿಗೆ ಮಾತ್ರ ಮುದ್ದೆ ತಿರುವಿ ನೋಡಿ, ಗೊತ್ತಾಗುತ್ತದೆ. ಅಷ್ಟು ಸ್ವಲ್ಪ ಹಿಟ್ಟಿಗೆ ಕೋಲು ಆಡಿಸಿದರೆ ಪಾತ್ರೆಯೇ ಸುತ್ತುತ್ತದೆ. ಇಬ್ಬರಿಗಾಗುವಷ್ಟು ಇಟ್ಟರೆ ಇನ್ನೊಂದು ತಟ್ಟೆಯ ನೆನಪು. ಹಾಗಾಗಿ ಬೇಕರಿಯ ಬನ್ನು, ಖಾರ, ಬಿಸ್ಕತ್ತು, ಮೇಲೊಂದಿಷ್ಟು ಟೀ. ಇವಕ್ಕೆ ಎದುರಿಗೆ ಕೂರುವವರು ಬೇಕಿಲ್ಲ, ನಿಂತೇ ತಿನ್ನಬಹುದು. ನಿಂತು ತಿಂದದ್ದು ಲೆಕ್ಕಕ್ಕಿಲ್ಲ ಎಂದು ನಾನು ನಂಬಿದ್ದೆ. ನನ್ನ ಪ್ಯಾಂಟು ನಂಬಲಿಲ್ಲ.

ಮೊನ್ನೆ ಡೈರಿಯಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ಕೆ.ಆರ್. ಪೇಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ನಿಮಗೆ ಬೊಜ್ಜೂ ಇದೆ, ಅಪೌಷ್ಟಿಕತೆಯೂ ಇದೆ" ಎಂದರು. ನನಗೆ ನಗು ಬಂತು. ಶ್ರೀಮಂತ ದೇಶದವರು ಊದುತ್ತಾರೆ, ಬಡ ದೇಶದವರು ಸೊರಗುತ್ತಾರೆ ಎಂದು ಓದಿಕೊಂಡವನು ನಾನು. ಅದನ್ನೇ ಹೇಳಿದೆ. "ಅದೆಲ್ಲ ಹಳೇ ಮಾತು ಸ್ವಾಮಿ. ಈಗ ಎರಡೂ ಎಲ್ಲಾ ದೇಶದಲ್ಲೂ ಇದೆ. ಬನ್ನು ಬಿಡಿ. ಸೊಪ್ಪು, ಕಾಳು, ಮುದ್ದೆ ತಿನ್ನಿ. ಯಾರ ಜೊತೆಗಾದರೂ ನೆಮ್ಮದಿಯಾಗಿ ಕೂತು ತಿನ್ನಿ" ಎಂದರು. ಎರಡೂ ದೇಶಗಳನ್ನು ಒಂದೇ ಅಂಗಿಯೊಳಗೆ ತುಂಬಿಕೊಂಡು ಬಸ್ಸು ಹತ್ತಿದೆ. ಹಾಲಿನ ಜಿಡ್ಡಿಗೆ ಡೈರಿಯಲ್ಲಿ ಫ್ಯಾಟು ಎನ್ನುತ್ತೇವೆ, ಅದು ಬಿಟ್ಟು ಉಳಿದ ಸತ್ವಕ್ಕೆ ಎಸ್ಸೆನ್ನೆಫ್ ಎನ್ನುತ್ತೇವೆ. ಸಂಜೆ ಹಾಲು ಹಾಕಲು ಬಂದ ಬೋರಣ್ಣ ನನ್ನ ಕತೆ ಕೇಳಿ, "ಅಂಗಾದ್ರೆ ಫ್ಯಾಟು ಜೋರಾಗಿ ಅದೆ, ಎಸ್ಸೆನ್ನೆಫ್ಫೇ ಇಲ್ಲ ಅನ್ನು. ಇಂಥ ಆಲು ನಾನ್ ತಂದಿದ್ರೆ ನೀನು ವಾಪಸ್ ಕಳಿಸ್ಬುಡ್ತಿದ್ದೆ ಕಣ್ಲಾ!" ಎಂದ. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತಿತು. ಯಾರ ಜೊತೆಗಾದರೂ ಎಂದು ಡಾಕ್ಟರು ಸಲೀಸಾಗಿ ಹೇಳಿಬಿಟ್ಟಿದ್ದರು. ಬಹಳ ಬೇಜಾರಾಯಿತು. ನಾಳೆ ಯಾರಾದರೂ ಊಟ ಆಯ್ತಾ ಎಂದು ಕೇಳಿದರೆ ಇಲ್ಲ ಎಂದೇ ಹೇಳಿಬಿಡಬೇಕು ಎಂದು ತೀರ್ಮಾನಿಸಿದೆ.

ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಜಯಕ್ಕ ಕೊಟ್ಟಿಗೆಯಿಂದ ಬಂದು ಕೈ ತೊಳೆಯುತ್ತಾ, "ಊಟ ಆಯ್ತಾ ಅಣ್ಣ?" ಎಂದರು. "ಇಲ್ಲ ಜಯಕ್ಕ" ಎಂದೆ.

ಅವರು ತಿರುಗಿ ನೋಡಿದರು. "ಇಷ್ಟೊತ್ತಾದ್ರೂ ಇಲ್ವಾ? ಬಾ ಮತ್ತೆ. ಬಿಸಿ ಮುದ್ದೆ ಅದೆ, ಬಸ್ಸಾರು ಅದೆ. ನಮ್ಮೋರೂ ಈಗ್ಲೇ ಕೂತವ್ರೆ, ಜೊತೇಲೇ ಉಣ್ಣೀವಂತೆ."

ಒಳಗಿನಿಂದ ತಟ್ಟೆಯ ಸದ್ದು ಕೇಳಿಸಿತು, ಒಗ್ಗರಣೆಯ ವಾಸನೆ ಬಂತು. ನನ್ನ ಕಾಲು ಆಗಲೇ ಮುಂದೆ ಹೋಗಿತ್ತು. ಬಾಯಿ ಮಾತ್ರ ಹಳೇ ಬಾಯಿ. "ಅಯ್ಯೋ ಬೇಡಕ್ಕ, ಈಗ ತಾನೇ ಆಯ್ತು" ಎಂದುಬಿಟ್ಟಿತು.

ಜಯಕ್ಕ ನನ್ನ ಹೊಟ್ಟೆ ನೋಡಿ, "ನೋಡಿದ್ರೆ ಗೊತ್ತಾಗಾಕಿಲ್ವಾ ಬುಡಣ್ಣ, ತಮಾಸೆ ಮಾಡ್ತೀಯ" ಎಂದು ನಗುತ್ತಾ ಒಳಗೆ ಹೋದರು. ನಾನೂ ನನ್ನ ಮನೆಯೊಳಗೆ ಬಂದು ಬನ್ನಿನ ಪೊಟ್ಟಣ ಬಿಚ್ಚಿದೆ. ಈ ಸಲ ಕೂತೇ ತಿಂದೆ. ಡಾಕ್ಟರು ಹೇಳಿದ್ದರಲ್ಲಿ ಅಷ್ಟಾದರೂ ಪಾಲಿಸಬೇಕಲ್ಲ!