ಉಂಡದ್ದೇ ಹಾಜರಿ

ನಮ್ಮ ಅತ್ತೆಯ ಮನೆಗೆ ಹೋಗುವವರು ನಿನ್ನೆ ರಾತ್ರಿ ಏನು ಉಂಡೆವು ಎಂಬುದನ್ನು ನೆನಪಿಟ್ಟುಕೊಂಡೇ ಹೋಗಬೇಕು. ಕ್ಷೇಮ ಸಮಾಚಾರ, ಮಳೆ, ಬೆಳೆ ಎಲ್ಲ ಆಮೇಲೆ. ನೀವು ಚಪ್ಪಲಿ ಬಿಡುವುದರೊಳಗೆ ಆ ಪ್ರಶ್ನೆ ಬಂದಿರುತ್ತದೆ. ಉತ್ತರ ಕೊಟ್ಟರೆ ಮುಗಿಯಿತೇ? ಎಲ್ಲಿ ಮುಗಿಯುತ್ತದೆ! "ಅದು ಎಲ್ಲಿಂದ ಬಂತು?" ಎಂಬುದು ಅದರ ಬೆನ್ನಿಗೇ ಬರುತ್ತದೆ. ಅಪ್ಪಿತಪ್ಪಿ "ಅಂಗಡಿಯಿಂದ" ಎಂದಿರೋ, ಆ ದಿನ ನೀವು ಊರಿಗೆ ಹೋಗುವ ಬಸ್ಸಿನ ಆಸೆ ಬಿಡಬೇಕು.

ಅವಳು ನಮ್ಮಪ್ಪನ ತಂಗಿ, ಗುಡೇಕೋಟೆ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರು. ನಮ್ಮ ಮನೆತನದಲ್ಲಿ ಮೊದಲು ನೌಕರಿ ಹಿಡಿದವಳು. ಹಾಗಾಗಿ ಅವಳ ಬಾಯಿಗೆ ಅಡ್ಡ ಬರುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ನನ್ನನ್ನು ನೋಡಲು ಹರಪನಹಳ್ಳಿಯಿಂದ ವರ ಬಂದಿದ್ದ. ಹುಡುಗ ಏನು ಓದಿದ್ದಾನೆ, ಏನು ಕೆಲಸ, ಯಾವುದನ್ನೂ ಅತ್ತೆ ಕೇಳಲಿಲ್ಲ. "ನಿನ್ನಿ ರಾತ್ರಿ ಏನುಂಡ್ರಿ?" ಎಂದಳು. ಪಾಪ, ಅವನು ನಿಜ ಹೇಳಿದ: "ಹೋಟೆಲ್ನಾಗ ಪರೋಟ ರೀ." ಪರೋಟದಿಂದ ಮೈದಾ, ಮೈದಾದಿಂದ ಗೋಧಿಯವರೆಗೆ ಹೇಗೋ ಬಂದ. ಆ ಗೋಧಿಯ ಹೊಟ್ಟು ಎಲ್ಲಿ ಹೋಯಿತು ಎಂದಾಗ ಬೆವರಿದ. ನಮ್ಮಮ್ಮ ಒಳಗೆ ತಲೆ ಚಚ್ಚಿಕೊಂಡಳು. ಮರುದಿನ ಬೆಳಿಗ್ಗೆ ಅವನ ಫೋನು ಬಂತು, ನನಗಲ್ಲ, ಅತ್ತೆಗೆ! "ಹೊಟ್ಟು ದನದ ಮೇವಿಗೆ ಹೋಗತ್ತಂತ್ರಿ, ಗಿರಣಿಯವರನ್ನ ಕೇಳಿದೆ." ಅತ್ತೆ ಫೋನಿಟ್ಟು, "ಹುಡುಗ ಒಳ್ಳೇವ ಅದಾನ. ಹಿಟ್ಟು ತಾ ತಿಂದು ಸತ್ವ ದನಕ್ಕ ಹಾಕ್ತಾನ, ಅಷ್ಟ. ನೀ ತಿದ್ದಿಕೋ" ಎಂದಳು. ಮದುವೆಯಾಯಿತು. ತಿದ್ದುವ ಕೆಲಸ ಇನ್ನೂ ನಡೆದಿದೆ.

ಅವಳ ತರಗತಿಯಲ್ಲಿ ಹೆಸರು ಕೂಗಿದರೆ ಯಾವ ಮಗುವೂ "ಹಾಜರ್" ಅನ್ನುವುದಿಲ್ಲ. ರಾತ್ರಿ ಉಂಡದ್ದನ್ನು ಹೇಳಬೇಕು, ಅದೇ ಹಾಜರಿ. "ರೊಟ್ಟಿ, ಪುಂಡಿಪಲ್ಯ." "ಮುದ್ದಿ, ಹುಳ್ಳಿಸಾರು." "ಚಿಪ್ಸ್ ರೀ." ಚಿಪ್ಸ್ ಎಂದವನ ಚೀಲದಲ್ಲಿದ್ದ ಇನ್ನೊಂದು ಪಾಕೀಟನ್ನು ಎಲ್ಲರೆದುರು ಒಡೆದು ಎಣಿಸಿ, "ಆಲೂಗಡ್ಡಿ ಒಂದು, ಉಳಿದದ್ದೆಲ್ಲ ಗಾಳಿ. ಗಾಳಿ ಹೊರಗ ಪುಕ್ಕಟೆ ಸಿಗತೈತಲ್ಲಪ್ಪ" ಎಂದಿದ್ದಳಂತೆ. ತನಿಖೆಗೆ ಬಂದ ಸಾಹೇಬರೂ ತಪ್ಪಿಸಿಕೊಳ್ಳಲಿಲ್ಲ. ಅವರು ಉಪ್ಪಿಟ್ಟು ಎಂದರು. "ಬರೇ ರವಾ? ನಾಕು ಕಾಳು, ಒಂದು ಗಜ್ಜರಿ ಹಾಕಿಸ್ಕೊಳ್ರಿ ಸರ್, ಮುಖ ಬಾಡೇತಿ" ಎಂದಳು. ಸಾಹೇಬರು ತಮ್ಮ ವರದಿಯಲ್ಲಿ ಏನು ಬರೆದರೋ, ಮುಂದಿನ ಸಲ ಬಂದಾಗ ಬಾಗಿಲಲ್ಲೇ "ಗಜ್ಜರಿ ಹಾಕಿಸಿದ್ದೆ ರೀ" ಎಂದು ಒಪ್ಪಿಸಿ ಒಳಗೆ ಬಂದರು.

ಮಾಂಸ ಎಲ್ಲಿಂದ ಬರುತ್ತದೆ ಎಂಬ ಪಾಠಕ್ಕೆ ಅವಳು ಪುಸ್ತಕ ಮುಟ್ಟಲಿಲ್ಲ. ಮಾಳಮ್ಮ ಎಂಬ ಹುಡುಗಿಯ ತಾತ ಕುರಿ ಮೇಯಿಸುವವರು. ಅವರನ್ನೂ ಅವರ ಟಗರನ್ನೂ ತರಗತಿಗೇ ಕರೆಸಿದಳು. ತಾತ ತಲೆ ಕೆರೆದುಕೊಂಡು, "ಇದರಾಗ ಹೇಳೂದೇನೈತ್ರಿ ಟೀಚರ? ಅದು ಹುಲ್ಲು ತಿಂತೈತಿ, ನಾವು ಅದನ್ನ ತಿಂತೀವಿ. ನಡುವ ನಾ ಬಿಸಲಾಗ ತಿರಗ್ತೀನಿ" ಎಂದರು. ಇಡೀ ಪಾಠ ಮೂರು ಮಾತಿಗೆ ಮುಗಿದುಹೋಯಿತು! ಒಂದು ತುತ್ತು ಖಂಡಕ್ಕೆ ಎರಡು ತುತ್ತು ಸೊಪ್ಪಿರಬೇಕು ಎಂದು ಅತ್ತೆ ವಿವರಿಸುತ್ತಿದ್ದಾಗ ಟಗರು ಗೋಡೆಯ ಸಮತೋಲ ಆಹಾರದ ಪಟವನ್ನು ಅರ್ಧ ತಿಂದು ಹಾಕಿತು. "ಸೊಪ್ಪಿನ ಚಿತ್ರಾನ ಮೊದಲು ತಿಂದೈತಿ ನೋಡ್ರಿ, ಅದನ್ನ ನೋಡಿ ಕಲೀರಿ" ಎಂದಳು ಅತ್ತೆ.

ಅದೇ ತರಗತಿಯಲ್ಲಿ ಭಾಗ್ಯ ಎಂಬ ಹುಡುಗಿಯಿದ್ದಳು. ಅವಳ ಹಾಜರಿ ದಿನವೂ ಒಂದೇ: "ಅನ್ನ ಸಾರು ರೀ." ಒಂದು ದಿನ ಅವಳ ತಾಯಿ ಅತ್ತೆಯ ಮನೆಗೇ ಬಂದಳು. ಆಸ್ಪತ್ರೆಯಲ್ಲಿ ಹುಡುಗಿಗೆ ರಕ್ತ ಕಡಿಮೆ ಇದೆ ಎಂದಿದ್ದರು. "ಕುರಿ ಕರುಳಿನ ಬೋಟಿ ಹಾಕಿದ್ರ ತಾಟು ಸರಸ್ತಾಳ್ರಿ, ಖಂಡ ಮುಟ್ಟೂದಿಲ್ಲ. ಮುಂಜಾನಿ ಟೀಚರ್ ಕೇಳ್ತಾರ, ಬೋಟಿ ಅಂದ್ರ ಹುಡುಗ್ರು ಮೂಗು ಮುಚ್ಕೊಂತಾರ, ಸುಳ್ಳು ಹೇಳಾಕ ಬರೂದಿಲ್ಲ ಅಂತಾಳ. ಅದಕ್ಕ ಖರೇನ ಅನ್ನ ಸಾರು ಉಣ್ತಾಳ್ರಿ."

ಮಕ್ಕಳು ಚೆನ್ನಾಗಿ ಉಣ್ಣಲಿ ಎಂದು ಕೇಳುತ್ತಿದ್ದ ಪ್ರಶ್ನೆಯೇ ಒಂದು ಮಗುವಿನ ತಟ್ಟೆ ಕಸಿದಿತ್ತು. ಆ ದಿನ ನಾನು ಅಲ್ಲೇ ಇದ್ದೆ. ಜನ್ಮದಲ್ಲಿ ಮೊದಲ ಸಲ ನಮ್ಮ ಅತ್ತೆ ಉಣ್ಣದೆ ಮಲಗಿದ್ದನ್ನು ಕಂಡೆ.

ಮರುದಿನ ನನ್ನನ್ನೂ ಶಾಲೆಗೆ ಎಳೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಿದಳು. ಹಾಜರಿ ಪುಸ್ತಕ ತೆರೆದು ಮೊದಲು ತನ್ನ ಹೆಸರನ್ನೇ ಕೂಗಿ, ತಾನೇ ಎದ್ದು ನಿಂತಳು.

"ನಿನ್ನಿದಲ್ಲ, ನಾ ನಿಮ್ಮಷ್ಟು ಇದ್ದಾಗಿಂದು ಹೇಳ್ತೀನಿ. ದನದ ಖಂಡ. ಎಲ್ಲಿಂದ ಬಂತು? ಗೌಡ್ರ ಎತ್ತಿಂದು. ಕಾಲು ಮುರಕೊಂಡು ಸತ್ತಿತ್ತು. ಅದನ್ನ ಎತ್ತಿ ಒಯ್ಯೂದು ನಮ್ಮಪ್ಪನ ಪಾಲಿಗೆ ಬಂದ ಕೆಲಸ. ಖಂಡ ಕೊಯ್ದು ಹಗ್ಗಕ್ಕ ಒಣಗಿ ಹಾಕಿದ್ರ ಮಳಿಗಾಲ ಪೂರಾ ಅದ ನಮಗ. ಸತ್ತ ದನ ತಿನ್ನಬಾರದು, ರೋಗ ಬರತೈತಿ, ಅದನ್ನ ಈಗ ನಾ ಪಾಠದಾಗ ಹೇಳ್ತೀನಿ. ಆಗ ಬ್ಯಾರೆ ಏನೂ ಇರಲಿಲ್ಲ. ನಾನೂ ಶಾಲ್ಯಾಗ ಅನ್ನ ಸಾರು ಅಂತಿದ್ದೆ. ಆದ್ರ ಒಂದು ಕೇಳ್ರಿ. ಆ ಎತ್ತು ಅದಕ್ಕ ಮೊದಲು ಏನು ಮಾಡ್ತಿತ್ತು?"

"ಹೊಲ ಉಳತಿತ್ತು ರೀ," ಎಂದ ಯಾರೋ.

"ಹೂಂ. ಆ ಹೊಲದ ಜೋಳದ ರೊಟ್ಟಿ ಊರೆಲ್ಲ ಉಂಡ್ರು. ಅವರ ರೊಟ್ಟಿನೂ ಅದ ಎತ್ತಿಂದು, ನಮ್ಮ ಖಂಡನೂ ಅದ ಎತ್ತಿಂದು. ಮೂಗು ಮುಚ್ಕೊಳ್ಳೋರು ಎರಡಕ್ಕೂ ಮುಚ್ಕೊಳ್ರಿ."

ಯಾರೂ ಮುಚ್ಚಿಕೊಳ್ಳಲಿಲ್ಲ. ಆಮೇಲೆ ಅವಳು ನನ್ನ ಹೆಸರು ಕೂಗಿದಳು.

ನಾನು ಹಗರಿಬೊಮ್ಮನಹಳ್ಳಿಯ ಬ್ಯಾಂಕಿನಲ್ಲಿ ಗುಮಾಸ್ತೆ. ಡಬ್ಬಿಯಲ್ಲಿ ಏನೇ ಇರಲಿ, ಮುಚ್ಚಳ ಅರ್ಧ ತೆರೆದು "ಅನ್ನ ಸಾರು" ಎನ್ನುವುದು ನನಗೆ ಎಂಟು ವರ್ಷದ ರೂಢಿ. ಅತ್ತೆಗೆ ಅದು ಗೊತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಎದ್ದು ನಿಂತೆ. "ತಲಿ ಮಾಂಸದ ಸಾರು ರೀ ಟೀಚರ್," ಎಂದೆ. ಮಕ್ಕಳು ತಿರುಗಿ ನೋಡಿದರು. ನೋಡಿದರು ಅಷ್ಟೇ.

ಭಾಗ್ಯಳ ಸರದಿ ಬಂದಾಗ ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. "ನಿನ್ನಿ ಅನ್ನ ಸಾರು ರೀ," ಎಂದಳು. ಆಮೇಲೆ ತಲೆಯೆತ್ತಿ, "ನಮ್ಮವ್ವ ಬೋಟಿ ಮಾಡಿದ್ಲು. ನಾ ಉಣ್ಣಲಿಲ್ಲ. ಉಳದೈತ್ರಿ, ಇವತ್ತು ಹೋಗಿ ಉಣ್ತೀನಿ."

"ಎಲ್ಲಿಂದ ಬಂತು?" ಎಂದಳು ಅತ್ತೆ. ದನಿ ಯಾವಾಗಿನಂತೆ ಇರಲಿಲ್ಲ.

"ಸಂತ್ಯಾಗಿಂದ ರೀ. ನಮ್ಮವ್ವ ನಾಕು ಸಲ ತೊಳದಾಳ."

ಮುಂದಿನ ಸಾಲಿನಿಂದ ಮಾಳಮ್ಮ ಎದ್ದಳು. "ಟೀಚರ್, ಈ ಸಂತಿಗೆ ನಮ್ಮ ತಾತ ಎರಡು ಕುರಿ ಮಾರ್ಯಾನ. ಅದು ನಮ್ಮ ಕುರೀದ ಇರಬೇಕು ರೀ. ಭಾಗ್ಯಾ, ಮೆತ್ತಗ ಇರತೈತಿ ನೋಡು, ಚೊಲೋ ಮೇಯ್ಸ್ಯಾನ."

ಅತ್ತೆ ಬೋರ್ಡಿನ ಕಡೆ ತಿರುಗಿ ದೊಡ್ಡದಾಗಿ "ಬೋಟಿ" ಎಂದು ಬರೆದಳು. ಎರಡಕ್ಷರ ಬರೆಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಇತ್ತ ತಿರುಗಿದಾಗ ಕೆನ್ನೆಯ ತುಂಬ ಸೀಮೆಸುಣ್ಣದ ಬಿಳುಪು ಹತ್ತಿತ್ತು. ಮಕ್ಕಳು ನಕ್ಕರು, ಭಾಗ್ಯಳೂ ನಕ್ಕಳು.

ಸೋಮವಾರ ಬ್ಯಾಂಕಿನಲ್ಲಿ ನನ್ನ ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆರೆದಿಟ್ಟು ಉಂಡೆ.