ಶ್ರೀ ೧೪ನೇ ತಾರೀಖು

ಅಚ್ಚಾದ ಅಕ್ಷರ ಎಲ್ಲಿ ಕಂಡರೂ ಅದರಲ್ಲಿ ತಪ್ಪು ಹುಡುಕುವ ಚಟ ನನಗಿದೆ. ಚಟ ಎಂದು ಈಗ ಒಪ್ಪಿಕೊಳ್ಳುತ್ತಿದ್ದೇನೆ, ಬಹಳ ವರ್ಷ ಅದನ್ನು ವಿದ್ವತ್ತು ಎಂದೇ ತಿಳಿದಿದ್ದೆ. ಆಳಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದಿ, ಅದರ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿಯೇ ಎಸೆಯುತ್ತಿದ್ದೆ. ಅಷ್ಟರಲ್ಲಿ ಭಜಿ ಆರಿರುತ್ತಿತ್ತು. ಲಗ್ನಪತ್ರಿಕೆ ಕೊಡಲು ಬಂದವರು ನನ್ನ ಕೈ ಜೇಬಿನ ಪೆನ್ನಿಗೆ ಹೋದದ್ದು ಕಂಡರೆ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶರಣಮ್ಮ ತನ್ನ ತವರೂರು ಕಿಣ್ಣಿ ಸುಲ್ತಾನದಿಂದ ನನಗೊಂದು ಪತ್ರ ಬರೆದಳು. ಒಂಬತ್ತು ತಪ್ಪುಗಳಿದ್ದವು. ಕೆಂಪು ಶಾಯಿಯಲ್ಲಿ ತಿದ್ದಿ ಮರುಟಪಾಲಿಗೇ ವಾಪಸು ಕಳಿಸಿದೆ. ಆಮೇಲೆ ಅವಳ ಪತ್ರದಲ್ಲಿ ಒಂದು ತಪ್ಪೂ ಬರಲಿಲ್ಲ, ಪತ್ರವೇ ಬರಲಿಲ್ಲ. ಅದು ನನ್ನ ಬೋಧನೆಯ ಫಲವೆಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು.

ಈ ಚಟ ನನಗೆ ಹತ್ತಿದ್ದು ನಿಂಬರ್ಗಾದಲ್ಲಿ. ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ನನಗೆ ಅಕ್ಷರ ತಿದ್ದಿಸಿದವರು ಗುರುಲಿಂಗಪ್ಪ ಮಾಸ್ತರರು. ಪಾಟಿಯ ಮೇಲೆ ಬರೆದದ್ದು ತಪ್ಪಿಲ್ಲದಿದ್ದರೆ ಅವರು ಸುಣ್ಣದ ಕಡ್ಡಿಯಿಂದ ಮೂಲೆಯಲ್ಲಿ ‘ಸರಿ’ ಎಂದು ಬರೆದು ಕೊಡುತ್ತಿದ್ದರು. ಆ ಪಾಟಿಯನ್ನು ಹುಡುಗರು ಒರೆಸದೆ, ಎದೆಗವಚಿಕೊಂಡು ಮನೆತನಕ ಒಯ್ಯುತ್ತಿದ್ದರು. ನಾಲ್ಕು ವರ್ಷದಲ್ಲಿ ನನ್ನ ಪಾಟಿಯ ಮೇಲೆ ಆ ಎರಡಕ್ಷರ ಒಮ್ಮೆಯೂ ಬೀಳಲಿಲ್ಲ. ಒಂದು ಸಲ ಎಲ್ಲ ಸರಿಯಿತ್ತು, ಅವರು ಕಡ್ಡಿಯನ್ನೂ ಎತ್ತಿದ್ದರು, ಕಡೆಗೆ ಒಂದು ಸೊನ್ನೆ ಬಿಟ್ಟುಹೋದದ್ದು ಕಂಡಿತು. ನಲವತ್ತು ದಾಟಿದ ಮೇಲೂ ಅದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಪ್ರಬಂಧಗಳ ಒಂದು ಪುಸ್ತಕ ತರಬೇಕು, ಅದನ್ನು ಮಾಸ್ತರರಿಗೆ ಅರ್ಪಿಸಬೇಕು, ಅವರ ಬಾಯಿಂದ ಒಮ್ಮೆ ‘ಸರಿ’ ಅನ್ನಿಸಿಕೊಳ್ಳಬೇಕು, ನಾನು ಬರವಣಿಗೆಗೆ ಇಳಿದದ್ದರ ಹಿಂದೆ ಇದ್ದದ್ದು ಇಷ್ಟೇ. ಸಾಹಿತ್ಯಸೇವೆ ಎಂದೆಲ್ಲ ಮುನ್ನುಡಿಯಲ್ಲಿ ಬರೆದಿದ್ದೇನೆ, ಅದನ್ನು ನಂಬಬೇಡಿ.

ಪ್ರಕಾಶಕರು ನನ್ನ ಹಸ್ತಪ್ರತಿಯನ್ನು ಎಂಟು ತಿಂಗಳು ಇಟ್ಟುಕೊಂಡು, ಒಂದು ಗುಂಡುಪಿನ್ನನ್ನೂ ಬದಲಿಸದೆ ಮರಳಿಸಿದರು. ನಾನೇ ಅಚ್ಚು ಹಾಕಿಸುವುದೆಂದು ನಿರ್ಧರಿಸಿ, ಪ್ರಕಾಶಕಿ ಎಂದು ಶರಣಮ್ಮನ ಹೆಸರು ಕೊಟ್ಟೆ. ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಖಾಸೀಮಸಾಬರು. ಅವರು ನೋಡದೆಯೇ ಬೆರಳುಗಳು ಅಕ್ಷರದ ಗೂಡಿಗೆ ಹೋಗುತ್ತಿದ್ದವು. ‘ವಿಷಯ ಹೇಗಿದೆ?’ ಎಂದು ಮೊದಲ ದಿನ ಆಸೆಯಿಂದ ಕೇಳಿದೆ.

“ಓದಿಕೋಂತ ಕುಂತ್ರ ಕೈ ನಿಂದರ್ತದ್ರಿ ಸರ್” ಎಂದರು. “ನಾ ಅಕ್ಷರ ಜೋಡಸ್ತೇನಿ. ಅರ್ಥ ನಿಮಗ ಬಿಟ್ಟದ್ರಿ.”

ಪುಸ್ತಕ ಛಾಪಾಖಾನೆಗೆ ಹೋದದ್ದು ಲಗ್ನದ ದಿನಗಳಲ್ಲಿ. ಇದರಲ್ಲಿ ಒಂದು ಅಪಾಯವಿದೆ ಎಂಬುದು ನನಗೆ ತಿಳಿದಿರಲಿಲ್ಲ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಬಂಧುಗಳ ಹೆಸರು ಒಂದೂ ಬಿಡುವಂತಿಲ್ಲ, ಬಿಟ್ಟರೆ ಲಗ್ನವೇ ಮುರಿದೀತು. ಪ್ರತಿ ಹೆಸರಿಗೂ ಒಂದು ‘ಶ್ರೀ’ ಬೇಕು. ಮುದ್ರಣಾಲಯದಲ್ಲಿದ್ದ ‘ಶ್ರೀ’ ಮೊಳೆಗಳೆಲ್ಲ ಅಫಜಲಪುರದ ಕಡೆಯ ಒಬ್ಬ ಗೌಡರ ಮಗಳ ಪತ್ರಿಕೆಯಲ್ಲಿ ಸಿಕ್ಕಿಕೊಂಡಿದ್ದವು. ನನ್ನ ಅರ್ಪಣೆಯ ಪುಟದ ಪ್ರೂಫು ಬಂದಾಗ ಮಾಸ್ತರರ ಹೆಸರಿನ ಮುಂಚೆ ಒಂದು ಖಾಲಿ ಜಾಗ.

“ಶ್ರೀ ಮುಗದಾವ್ರಿ ಸರ್” ಎಂದರು ಖಾಸೀಮಸಾಬರು. “ಗೌಡರ ಪತ್ರಿಕಾ ಹೊಡದು ಬಿಚ್ಚಿದ ಮ್ಯಾಲ ಹಾಕ್ತೇನಿ. ನೀವು ಬಾಜೂಕ ಬರದಿಡ್ರಿ.”

ಬರೆದಿಟ್ಟೆ. ಅದೇ ಪುಟದ ಕೆಳಗೆ ಸ್ಥಳ ಆಳಂದ ಎಂದಿತ್ತು, ಪಕ್ಕದಲ್ಲಿ ತಾರೀಖು ೧೪ ಎಂದಿತ್ತು, ಅದರ ಮೊದಲು ಬರಬೇಕಾದ ‘ದಿ.’ ಬಿಟ್ಟುಹೋಗಿತ್ತು. ಅದನ್ನೂ ಅಂಚಿನಲ್ಲಿ ಬರೆದೆ. ಎರಡಕ್ಕೂ ಒಂದೊಂದು ಗೀಟು ಎಳೆದು ಅವವುಗಳ ಜಾಗಕ್ಕೆ ಮುಟ್ಟಿಸಿದೆ. ಮುಂದಿನ ಪ್ರೂಫು ಬಂದಾಗ ಹೇಳಿದ ಎರಡೂ ಬಂದಿವೆಯೇ ಎಂದು ನೋಡಿದೆ. ಬಂದಿದ್ದವು. ಸಹಿ ಹಾಕಿಕೊಟ್ಟೆ.

ಐನೂರು ಪ್ರತಿಗಳು ಟಾಂಗಾದಲ್ಲಿ ಮನೆಗೆ ಬಂದವು. ಅದರಲ್ಲಿ ಮೊದಲ ಪ್ರತಿಯನ್ನು, ಬಿಡಿಸಿಯೂ ನೋಡದೆ, ಗುರುಕಾಣಿಕೆಯೆಂದು ಆಗಲೇ ನಿಂಬರ್ಗಾದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಮಾಸ್ತರರಿಗೆ ಕಳಿಸಿಯಾಗಿತ್ತು. ಅವರಿಗೆ ಆಗ ಎಂಬತ್ತರ ಹತ್ತಿರ, ಆ ವರ್ಷ ಮೈಯಲ್ಲಿ ನೆಟ್ಟಗಿರಲಿಲ್ಲ. ಶರಣಮ್ಮ ತನ್ನ ಹೆಸರು ಹೇಗೆ ಅಚ್ಚಾಗಿದೆ ನೋಡಲೆಂದು ಒಂದು ಪ್ರತಿ ಬಿಡಿಸಿದವಳು, ಮೆಲ್ಲಗೆ ಅಡುಗೆಮನೆಯಿಂದ ಹೊರಗೆ ಬಂದಳು.

“ಮಾಸ್ತರ್ರು ಯಾವಾಗ ತೀರಿಕೊಂಡ್ರು? ನನಗ ಒಂದ್ ಮಾತರ ಹೇಳಬಾರದೇನ್ರಿ?”

ಪುಸ್ತಕ ಕಸಿದುಕೊಂಡು ನೋಡಿದೆ. ‘ನನಗೆ ಅಕ್ಷರ ಕಲಿಸಿದ ದಿ. ಗುರುಲಿಂಗಪ್ಪ ಮಾಸ್ತರರಿಗೆ’ ಎಂದಿತ್ತು. ಕೆಳಗೆ ‘ಆಳಂದ, ಶ್ರೀ ೧೪’ ಎಂದು ತಾರೀಖಿಗೆ ಬಹಳ ಮರ್ಯಾದೆ ಕೊಡಲಾಗಿತ್ತು. ತಾರೀಖಿಗೆ ಹತ್ತಿದರೆ ದಿನಾಂಕವಾಗುವ ‘ದಿ.’ ಮನುಷ್ಯನ ಹೆಸರಿಗೆ ಹತ್ತಿದರೆ ದಿವಂಗತವಾಗುತ್ತದೆ ಎಂಬುದನ್ನು ನಾನೇ ಒಂಬತ್ತನೇ ಇಯತ್ತೆಗೆ ಕಲಿಸಿದ್ದೆ. ಮುದ್ರಣಾಲಯಕ್ಕೆ ಓಡಿದೆ. ಖಾಸೀಮಸಾಬರು ಹಳೆಯ ಪ್ರೂಫು ತೆಗೆದು ಮುಂದೆ ಇಟ್ಟರು. ನಾನೆಳೆದ ಎರಡು ಗೀಟುಗಳು ನಡುದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿದ್ದವು.

“ನಿಮ್ಮ ಗೀಟ ಹೋದಲ್ಲೇ ನಾ ಹೋಗೇನ್ರಿ ಸರ್” ಎಂದರು. ಅವರು ಕೊಟ್ಟ ಚಹಾ ಕುಡಿದು ಬಂದೆ.

ಎರಡು ದಿನ ಶಾಲೆಗೆ ರಜೆ ಹಾಕಿ ಗಂಡ ಹೆಂಡತಿ ಕೂತು ನಾನೂರ ತೊಂಬತ್ತೊಂಬತ್ತು ಪ್ರತಿಗಳಲ್ಲಿ ಮಾಸ್ತರರ ಹೆಸರಿನ ‘ದಿ.’ ಹೊಡೆದುಹಾಕಿ, ಮೇಲೆ ದುಂಡಗೆ ‘ಶ್ರೀ’ ಬರೆದೆವು. ಶರಣಮ್ಮನ ‘ಶ್ರೀ’ ನನ್ನದಕ್ಕಿಂತ ಚೆನ್ನಾಗಿತ್ತು. ಹಾಗೆಂದು ಹೇಳಿದೆ. ‘ನಾ ಪತ್ರ ಬರದು ಕಳಿಸಿದಾಗ ಹೇಳಬೇಕಾಗಿತ್ರಿ’ ಎಂದಳು. ಉಳಿದದ್ದು ನಿಂಬರ್ಗಾದ ಪ್ರತಿ ಒಂದೇ. ಭಾನುವಾರ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ಬದುಕಿರುವ ಗುರುವನ್ನು ಅಚ್ಚಿನಲ್ಲಿ ಕೊಂದವನು ನಾನು. ಅದೂ ಅವರ ಆರೋಗ್ಯ ಕೆಟ್ಟಿರುವಾಗ.

ಮಾಸ್ತರರು ಪಡಸಾಲೆಯಲ್ಲಿ ಹೊರಸಿನ ಮೇಲೆ ದಿಂಬಿಗೊರಗಿ ಕೂತಿದ್ದರು. ತೊಡೆಯ ಮೇಲೆ ನನ್ನ ಪುಸ್ತಕ, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲು.

“ಬಾಲೇ, ಕೂಡು. ಹದಿನೇಳು ತಪ್ಪ ಅದಾವ.”

ಹದಿನೇಳನ್ನೂ ಒಂದೊಂದಾಗಿ ಹೇಳಿದರು. ಐವತ್ತರ ಹತ್ತಿರ ಬಂದ ನಾನು ಕೈಕಟ್ಟಿ ಕೂತು ಕೇಳಿದೆ. ಅರ್ಪಣೆಯ ಪುಟದ ಮಾತೇ ಬರಲಿಲ್ಲ. ಕಡೆಗೆ ನಾನೇ ಬಾಯಿಬಿಟ್ಟೆ.

“ಮಾಸ್ತರ್ರೀ, ಆ ಮೊದಲನೇ ಪುಟದಾಗ ಒಂದು ದೊಡ್ಡ ತಪ್ಪ ಆಗೇದ್ರಿ...”

“ಹೌದಲೇ, ನೋಡೇನಿ. ತಾರೀಖಿಗಿ ಶ್ರೀ ಹಚ್ಚೀದಿ. ಅದೇನ್ ಹಿರಿಮನಷ್ಯಾನ? ಅದು ಹದಿನೆಂಟನೇದು.”

“ಅದಲ್ರಿ. ಅದರ ಮ್ಯಾಲಿಂದು. ನಿಮ್ಮ ಹೆಸರಿಂದು.”

ಅವರು ಕನ್ನಡಕ ಸರಿಮಾಡಿಕೊಂಡು ಆ ಪುಟವನ್ನು ಮತ್ತೊಮ್ಮೆ ಓದಿದರು. “ಅದು ತಪ್ಪಲ್ಲ ಬಿಡು. ಜರಾ ಜಲ್ದಿ ಛಾಪಾ ಆಗ್ಯಾದ, ಅಷ್ಟ.”

ನನಗೆ ಅಳು ಬಂತು. ನಗುವೂ ಬಂತು. ಪೆನ್ನು ತೆಗೆದು ಪುಸ್ತಕಕ್ಕೆ ಕೈ ಚಾಚಿದೆ. ಅವರು ಕೊಡಲಿಲ್ಲ. “ಕೊಟ್ಟದ್ದು ಕೊಟ್ಟಿ. ಇದು ನನ್ನ ಪ್ರತಿ. ಇದಕ್ಕ ನೀ ಕೈ ಹಚ್ಚಬ್ಯಾಡ” ಎಂದು ಪುಸ್ತಕವನ್ನು ದಿಂಬಿನ ಕೆಳಗೆ ಸೇರಿಸಿದರು. ಅವತ್ತೂ ‘ಸರಿ’ ಎನ್ನಲಿಲ್ಲ. ನಾನು ಖಾಲಿ ಕೈಯಲ್ಲಿ ಬಸ್ಸು ಹತ್ತಿದೆ.

ಅದಾದ ಮೇಲೆ ಮಾಸ್ತರರು ನಾಲ್ಕು ವರ್ಷ ಗಟ್ಟಿಯಾಗಿದ್ದರು. ಅವರು ತೀರಿಕೊಂಡಾಗ ನಾನು ಮಣ್ಣಿಗೆ ಹೋಗಿದ್ದೆ. ಹೊರಡುವಾಗ ಅವರ ಮಗಳು ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ನಿಮಗ ಮುಟ್ಟಿಸಂತ ಹೇಳಿದ್ರರೀ ಅಪ್ಪ” ಎಂದಳು. ಬಸ್ಸಿನಲ್ಲಿ ಬಿಡಿಸಿ ನೋಡಿದೆ. ಹದಿನೇಳು ತಪ್ಪುಗಳನ್ನೂ ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದರು. ತಾರೀಖಿನ ‘ಶ್ರೀ’ ತೆಗೆದು ‘ದಿ.’ ಹಾಕಿದ್ದರು. ತಮ್ಮ ಹೆಸರಿನ ‘ದಿ.’ಯನ್ನು ಮಾತ್ರ ಮುಟ್ಟಿರಲಿಲ್ಲ. ಅದರ ಪಕ್ಕದಲ್ಲಿ, ಪಾಟಿಯ ಮೂಲೆಯಲ್ಲಿ ಬರೆಯುತ್ತಿದ್ದ ಹಾಗೆಯೇ, ‘ಸರಿ’ ಎಂದು ಬರೆದಿದ್ದರು. ಆ ಪುಸ್ತಕವನ್ನು ಎದೆಗವಚಿಕೊಂಡೇ ಆಳಂದದಲ್ಲಿ ಇಳಿದೆ.

ಉಳಿದ ಪ್ರತಿಗಳಲ್ಲಿ ಹಂಚಿ ಮಿಕ್ಕ ಇನ್ನೂರು ಚಿಲ್ಲರೆ ನಮ್ಮ ಮಂಚದ ಕೆಳಗಿವೆ. ಕಸ ಹೊಡೆಯುವಾಗಲೆಲ್ಲ ಶರಣಮ್ಮ, “ಮತ್ತ ತಿದ್ದೋಣೇನ್ರಿ?” ಎಂದು ಕೇಳುತ್ತಾಳೆ. ಎರಡು ದಿನ ರಜೆ ಹಾಕಿ ದುಂಡಗೆ ಬರೆದ ಆ ‘ಶ್ರೀ’ಗಳೆಲ್ಲ ಈಗ ತಪ್ಪು. ಐನೂರರಲ್ಲಿ ನನ್ನ ಪೆನ್ನು ತಾಗದೆ ಉಳಿದದ್ದು ಒಂದೇ ಪ್ರತಿ, ತಪ್ಪಿಲ್ಲದೆ ಇರುವುದೂ ಅದೊಂದೇ.