ಕತ್ತರಿಸಿದ ನಾಲ್ಕು ಸೆಕೆಂಡುಗಳ ಬಗ್ಗೆ ಒಂದು ಹೆಣದ ಅಹವಾಲು

ಮಾನ್ಯ ನಿರ್ದೇಶಕರಾದ ಲೋಕೇಶ ಅವರೇ,

ವಾರವಿಡೀ ಸಾಫ್ಟ್‌ವೇರಿನ ದೋಷಗಳನ್ನೂ ವಾರಾಂತ್ಯದಲ್ಲಿ ಮನುಷ್ಯರನ್ನೂ ಒಂದೇ ಶ್ರದ್ಧೆಯಿಂದ ಕೊಲ್ಲುತ್ತಿರುವ ತಮಗೆ, ತಮ್ಮ ‘ರಕ್ತದ ರಸೀದಿ’ ಚಿತ್ರದ ಏಳನೇ ನಿಮಿಷದಲ್ಲಿ ಗುಂಡೇಟು ತಿಂದು ಸತ್ತ ಭೂಗತ ದೊರೆಯೂ, ಈ ಪರದೇಶದ ರಿಚ್ಮಂಡ್ ಹಿಲ್‌ನ ನಿವೃತ್ತ ಸೇತುವೆ ಎಂಜಿನಿಯರೂ ಆದ ಜಯದೇವನು ಸತ್ತು ಬಿದ್ದ ಜಾಗದಿಂದಲೇ ಮಾಡುವ ಅನಂತ ನಮಸ್ಕಾರಗಳು. ನನ್ನ ಜೀವ ತೆಗೆದದ್ದಕ್ಕೆ ಯಾವ ತಕರಾರೂ ಇಲ್ಲ. ನನ್ನ ದೂರು ತಾವು ಕತ್ತರಿಸಿ ಎಸೆದ ನಾಲ್ಕು ಸೆಕೆಂಡಿನದು. ಅದನ್ನು ದಯವಿಟ್ಟು ಹಿಂದಿರುಗಿಸಬೇಕು.

ತಮ್ಮ ಮಿತವ್ಯಯವನ್ನು ಮೊದಲು ಹೊಗಳದಿದ್ದರೆ ನನಗೆ ಪಾಪ ಸುತ್ತಿಕೊಂಡೀತು. ಜಗತ್ತನ್ನೇ ನಡುಗಿಸುವ ಮೂವರು ಬಾಡಿಗೆ ಹಂತಕರು ಯಂಗ್ ಸ್ಟ್ರೀಟಿನ ಬಸ್ಸಿನಲ್ಲಿ ಬಂದು, ನನ್ನ ಹೆಂಡತಿ ರಜನಿಯ ಕಟ್ಟಪ್ಪಣೆಯಂತೆ ಬಾಗಿಲಲ್ಲೇ ಬೂಟು ಬಿಚ್ಚಿ ಸಾಲಾಗಿ ಜೋಡಿಸಿ, ಬಾತುಕೋಳಿ ಚಿತ್ರದ ಕಾಲುಚೀಲದಲ್ಲಿ ಜಾರುತ್ತ ಬಂದು ಕೊಲ್ಲುವುದನ್ನು ಬೇರೆ ಯಾರು ತಾನೇ ತೋರಿಸಿಯಾರು? ನನ್ನ ಎದೆಯಿಂದ ಹರಿದ ರಕ್ತವೂ ನಮ್ಮನೆಯ ಬೀಟ್‌ರೂಟು ಪಲ್ಯ ಬೇಯಿಸಿದ ನೀರೇ ಆಗಿತ್ತು, ಉಪ್ಪು ಹದವಾಗಿತ್ತು.

ಆದರೆ ತಾವು ಚಿತ್ರೀಕರಣಕ್ಕೆ ಆರಿಸಿದ್ದು ಗುಡ್ ಫ್ರೈಡೇ ರಜೆ. ತಮಗದು ರಜೆ, ರಜನಿಗೆ ಶುಕ್ರವಾರ. ಮಾಲ್ಟನ್‌ನ ಗೋದಾಮಿನಲ್ಲಿ ಶಿಫ್ಟು ಮುಗಿಸಿ ಬಂದು ಮುಖ್ಯ ಹಂತಕಿಯಾಗಿ ನಟಿಸಿದ ಸ್ಪಂದನಾ ನನ್ನನ್ನು ಮುಗಿಸಿ ಹೊರಟಾಗ, ಶುಕ್ರವಾರ ಮನೆಗೆ ಬಂದ ಹೆಣ್ಣುಮಗಳು ಬರಿಗೈಯಲ್ಲಿ ಹೋಗಬಾರದೆಂದು ರಜನಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಅಡುಗೆಮನೆಯಿಂದ ಧಾವಿಸಿದಳು. ದಾರಿಗಡ್ಡವಾಗಿ ನನ್ನ ಹೆಣ ಬಿದ್ದಿತ್ತು. ಅವಳು ದಾಟಿದಳು. ಸ್ಪಂದನಾ ಪಿಸ್ತೂಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಣೆಯೊಡ್ಡಿ, ಎಲೆ ಅಡಿಕೆ ಬಾಳೆಹಣ್ಣು ಪಡೆದು, ಕಾಲಿಗೆರಗಿ ಹೋದಳು. ಕ್ಯಾಮೆರಾ ನಿಲ್ಲಿಸುವುದನ್ನು ತಾವು ಮರೆತಿದ್ದಿರಿ.

ಮುಂದಿನದನ್ನು ತಮಗೇನು ಹೇಳುವುದು? ಕನ್ನಡ ಬಳಗದ ಪ್ರದರ್ಶನದಲ್ಲಿ ಆ ದೃಶ್ಯಕ್ಕೆ ಇಡೀ ಸಭಾಂಗಣ ಎದ್ದು ನಿಂತು ಶಿಳ್ಳೆ ಹೊಡೆಯಿತು. ಗಂಡನ ಹೆಣ ದಾಟಿ ಹಂತಕಿಗೆ ಕುಂಕುಮವಿಟ್ಟ ಹೆಂಡತಿಯೇ ಸುಪಾರಿ ಕೊಟ್ಟವಳೆಂದು ಎಲ್ಲರೂ ತೀರ್ಮಾನಿಸಿದರು. ತಾವೂ ಮೊದಲಿನಿಂದ ಅದೇ ಕಥೆಯೆಂಬಂತೆ ಗಂಭೀರವಾಗಿ ತಲೆಯಾಡಿಸಿದಿರಿ. ಮೊಮ್ಮಗಳು ಅಕ್ಷಯಾ ಅಜ್ಜಿಯ ಭಾವಚಿತ್ರವನ್ನು ಫೋನಿಗೆ ಹಾಕಿಕೊಂಡಿದ್ದಾಳೆ. ಮುಂದಿನ ಭಾಗದಲ್ಲಿ ರಜನಿಯೇ ಹಂತಕರ ದಳದ ಒಡತಿಯಂತೆ, ಸತ್ತವನಾದ ನನಗೆ ಮಾತ್ರ ಪಾತ್ರವಿಲ್ಲವಂತೆ. ನಾನೋ ದೇವಸ್ಥಾನದಲ್ಲೂ ಕನಿಕರದ ವಸ್ತುವಾಗಿದ್ದೇನೆ. ನಲವತ್ತು ವರ್ಷ ಇಲ್ಲಿಯೇ ಡಾಕ್ಟರಾಗಿದ್ದ ಗೆಳೆಯ ವೀರಭದ್ರಪ್ಪ ಕಂಬದ ಹಿಂದೆ ಕರೆದೊಯ್ದು, “ಮನಿಯಾಗ ಎಲ್ಲಾ ಬರೊಬ್ಬರಿ ಐತೇನ್ರಿ?” ಎಂದು ನಾಡಿ ಹಿಡಿದು ಕೇಳಿದ.

ಈಗ ಆ ನಾಲ್ಕು ಸೆಕೆಂಡಿಗೆ ಬರುತ್ತೇನೆ. ಮಲಗಿದವರನ್ನು ದಾಟಿದರೆ ಬೆಳವಣಿಗೆ ನಿಲ್ಲುತ್ತದೆ, ದಾಟಿದವರೇ ತಿರುಗಿ ದಾಟಬೇಕು ಎಂಬುದು ತಮ್ಮ ತಾಯಿಯವರಿಗೂ ಗೊತ್ತಿರುತ್ತದೆ. ರಜನಿ ತಟ್ಟೆ ಕೆಳಗಿಟ್ಟು, ಎಪ್ಪತ್ತೊಂದು ವರ್ಷದ ನನ್ನ ಬೆಳವಣಿಗೆ ನಿಲ್ಲಬಾರದೆಂದು, ಮಂಡಿನೋವಿನಲ್ಲೂ ಸೀರೆ ಎತ್ತಿ ಹಿಡಿದು ನನ್ನನ್ನು ತಿರುಗಿ ದಾಟಿದಳು. ಆಮೇಲೆ ಬಗ್ಗಿ ಮೆಲ್ಲಗೆ, “ನೆಲ ತಣ್ಣಗಿದೆ ಕಣ್ರೀ, ಸೊಂಟ ಹಿಡ್ಕೊಳತ್ತೆ, ಬೇಗ ಎದ್ಬಿಡಿ” ಎಂದಳು. ತಾವು ಅದನ್ನೇ ಕತ್ತರಿಸಿದಿರಿ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ನಾನು “ಹ್ಞೂಂ” ಎಂದುಬಿಟ್ಟೆ. ಸತ್ತವನು ಹ್ಞೂಂಗುಟ್ಟುವುದು ತರ್ಕಕ್ಕೆ ನಿಲ್ಲದೆಂಬುದು ತಮ್ಮ ವಾದ. ಒಮ್ಮೆಯೂ ಗುಂಡು ತುಂಬದೆ ಅರವತ್ತು ಸಲ ಹಾರಿದ ಪಿಸ್ತೂಲಿಗೆ ಮಾತ್ರ ಆ ತರ್ಕದ ಕಾಟವಿರಲಿಲ್ಲ. ನನ್ನನ್ನು ದೆವ್ವವೆನ್ನಿ, ವೈದ್ಯಲೋಕದ ವಿಸ್ಮಯವೆನ್ನಿ, ಬೇಕಿದ್ದರೆ ಮುಂದಿನ ಭಾಗದ ಪ್ರತಿ ನಿಮಿಷಕ್ಕೊಮ್ಮೆ ಕೊಲ್ಲಿ, ಆದರೆ ಅವಳು ತಿರುಗಿ ದಾಟಿದ್ದನ್ನು ಊರಿಗೆ ತೋರಿಸಿ. ನಲವತ್ಮೂರು ವರ್ಷ ಅವಳ ಪ್ರತಿ ಮಾತಿಗೂ ಹ್ಞೂಂ ಎಂದವನು ನಾನು. ಸತ್ತ ಮಾತ್ರಕ್ಕೆ ಸುಮ್ಮನಿರುವುದು ನನ್ನಿಂದಾಗದು, ಸ್ವಾಮಿ.

ಏಳನೇ ನಿಮಿಷದಿಂದ ಏಳಲು ಕಾದಿರುವ,
ತಮ್ಮ ವಿಶ್ವಾಸಿ,
ಜಯದೇವ

ತಾ.ಕ.: ಬರುವ ಶುಕ್ರವಾರ ತಾವು ಮನೆಯವರೊಂದಿಗೆ ನಮ್ಮಲ್ಲಿ ಊಟಕ್ಕೆ ಬರಬೇಕೆಂದು ರಜನಿ ತಿಳಿಸಿದ್ದಾಳೆ. ಸ್ಪಂದನಾ ಕೂಡ ಬರುತ್ತಾಳೆ, ಚಿತ್ರೀಕರಣ ಮುಗಿದ ಮೇಲೆ ಬಿಟ್ಟುಹೋದ ಪಿಸ್ತೂಲು ನಮ್ಮಲ್ಲೇ ಇದೆ. ಆ ನಾಲ್ಕು ಸೆಕೆಂಡು ತಂದರೆ ಹೋಳಿಗೆ ಊಟ. ತಾರದಿದ್ದರೂ ಹೊರಡುವಾಗ ಸ್ಪಂದನಾಗೆ ಕುಂಕುಮ ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಆ ಕುಂಕುಮಕ್ಕೂ ಮೊದಲು ಏನು ನಡೆಯುತ್ತದೆಂಬುದನ್ನು ತಾವೇ ಚಿತ್ರ ಮಾಡಿ ತೋರಿಸಿದ್ದೀರಿ.